ಗೆರೆ ಕಾಯುವ ಸೆಕೆಂಡಪ್ಪ

ಸೆಕೆಂಡಪ್ಪನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಬ್ಯಾಂಕಿನವರನ್ನು ಬಿಟ್ಟರೆ ಅದನ್ನು ಬೇರೆ ಯಾರೂ ಬಳಸುತ್ತಿರಲಿಲ್ಲ. ಬಸ್ ನಿಲ್ದಾಣದ ಎದುರಿಗೆ, ಕನ್ನಡಕದ ಅಂಗಡಿಗೂ ಬೇಕರಿಗೂ ನಡುವೆ ಒತ್ತರಿಸಿಕೊಂಡು ಕೂತಿದ್ದ ಅವರ ಗಡಿಯಾರ ರಿಪೇರಿ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು. ಗೋಡೆಯ ತುಂಬ ಮೂವತ್ತೋ ಮೂವತ್ತೈದೋ ಗಡಿಯಾರ. ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಒಂದೊಂದು ಗಡಿಯಾರ ಒಂದೊಂದು ದೇಶದ ಹೊತ್ತು ತೋರಿಸುತ್ತಿರುತ್ತದೆ. ಇಲ್ಲಿ ಎಲ್ಲವೂ ಒಟ್ಟಿಗೇ ಹನ್ನೆರಡು ಹೊಡೆಯುತ್ತಿದ್ದವು. ಬಸ್ ಡ್ರೈವರುಗಳು ನಿಲ್ದಾಣದ ಗಡಿಯಾರವನ್ನು ನಂಬದೆ ಇವರ ಗೋಡೆ ನೋಡಿ ಗಾಡಿ ತೆಗೆಯುತ್ತಿದ್ದರು. ಯಾರಾದರೂ ಬಾಯಿಮಾತಿಗೆ "ಐದು ನಿಮಿಷದಲ್ಲಿ ಬಂದೆ" ಎಂದು ಹೋದರೆ, ಸರಿಯಾಗಿ ಐದು ನಿಮಿಷಕ್ಕೆ ಕತ್ತೆತ್ತಿ ಬಾಗಿಲು ನೋಡುವ ಪೈಕಿ ಆ ಮನುಷ್ಯ. ಈ ಅಭ್ಯಾಸ ಕಂಡು ಬೇಕರಿಯವನು ಇಟ್ಟ ಅಡ್ಡಹೆಸರೇ ಊರಿಗೆಲ್ಲ ಅಂಟಿತು. ಅವರಿಗೂ ಅದರ ಬಗ್ಗೆ ಬೇಜಾರಿರಲಿಲ್ಲ.

ವರ್ಷಕ್ಕೆ ಎರಡೋ ಮೂರೋ ದಿನ ಆ ಅಂಗಡಿಗೆ ಬೀಗ ಬೀಳುತ್ತಿತ್ತು. ಆ ದಿನಗಳಲ್ಲಿ ಸೆಕೆಂಡಪ್ಪ ಊರಾಚೆಯ ವಿಮಾನ ಮೈದಾನದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಗೆರೆ ಕಾಯುತ್ತಿದ್ದರು.

ವಿಮಾನದ ವೇಗದ ದಾಖಲೆ ಎಂದರೆ ಪೈಲಟ್ ಏರಿ ಕೂತು ಭರ್ರನೆ ಹಾರಿಬಿಟ್ಟರೆ ಆಯಿತು ಎಂದುಕೊಂಡವರೇ ಹೆಚ್ಚು. ಹಾಗಲ್ಲ. ಮೂರು ಕಿಲೋಮೀಟರ್ ಅಳೆದು ಎರಡು ತುದಿಗೂ ಒಂದೊಂದು ಕಂಬ ನೆಟ್ಟಿರುತ್ತಾರೆ. ಅದರ ನಡುವೆ ವಿಮಾನ ತಗ್ಗಿನಲ್ಲೇ, ನೆಟ್ಟಗೆ, ನಾಲ್ಕು ಸಲ ಹಾಯಬೇಕು: ಎರಡು ಸಲ ಹೋಗುವಾಗ, ಎರಡು ಸಲ ಬರುವಾಗ. ಗಾಳಿ ಮಾಡಿದ ಉಪಕಾರವೂ ಕೊಟ್ಟ ಕಾಟವೂ ಸರಿದೂಗಲಿ ಎಂದು ಈ ಏರ್ಪಾಡು. ನಾಲ್ಕರ ಸರಾಸರಿ ಹಳೆಯ ದಾಖಲೆಗಿಂತ ನೂರಕ್ಕೆ ಒಂದು ಪಾಲಾದರೂ ಹೆಚ್ಚಿರಬೇಕು, ಇಲ್ಲದಿದ್ದರೆ ಹಾರಿದ್ದೆಲ್ಲ ಗಾಳಿಗೆ ಹೋಯಿತು. ಒಂದೊಂದು ಕಂಬದ ಬಳಿಯೂ ಸಮಯ ಹಿಡಿಯುವವರು ಒಬ್ಬರು. ಅವರ ಮುಂದೆ ಮರದ ಚೌಕಟ್ಟು, ಅದರಲ್ಲಿ ಒಂದರ ಹಿಂದೆ ಒಂದು ಬಿಗಿದ ಎರಡು ತಂತಿ. ಎರಡೂ ಒಂದೇ ಆಗಿ ಕಾಣುವ ಹಾಗೆ ಕಣ್ಣಿಟ್ಟರೆ ಅದೇ ಗೆರೆ. ವಿಮಾನದ ಮೂಗು ಗೆರೆ ಮುಟ್ಟಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತಿದ ಕೂಡಲೇ ದೂರದ ಟೆಂಟಿನಲ್ಲಿ ಓಡುತ್ತಿರುವ ಕಾಗದದ ಪಟ್ಟಿಯ ಮೇಲೆ ಗುರುತು ಬೀಳುತ್ತದೆ.

ಕಣ್ಣು ಕಂಡದ್ದನ್ನು ಕೈ ಮಾಡುವಷ್ಟರಲ್ಲಿ ಯಾರಿಗಾದರೂ ಒಂದಿಷ್ಟು ತಡವಾಗುತ್ತದೆ. ತಡವಾದರೆ ತಪ್ಪಲ್ಲ, ಆದರೆ ಪ್ರತಿ ಸಲವೂ ಅಷ್ಟೇ ತಡವಾಗಬೇಕು. ಸೆಕೆಂಡಪ್ಪನ ತಡ ಒಂದು ಸೆಕೆಂಡಿನ ನೂರರಲ್ಲಿ ಹದಿನೆಂಟು ಪಾಲು. ವರ್ಷವರ್ಷವೂ ಪರೀಕ್ಷೆ ಮಾಡಿದ್ದಾರೆ. ಜ್ವರ ಬಂದಾಗಲೂ ಹದಿನೆಂಟು, ಮಗಳ ಮದುವೆಯ ಮರುದಿನವೂ ಹದಿನೆಂಟು. ಇಂಥ ಕೈ ಉಳಿಸಿಕೊಳ್ಳುವುದಕ್ಕೆ ಇರುವುದು ಒಂದೇ ನಿಯಮ. ಗೆರೆ ನೋಡಬೇಕು, ವಿಮಾನ ನೋಡಬಾರದು. ಬರುತ್ತಿರುವ ವಿಮಾನದ ಹಿಂದೆ ಕಣ್ಣು ಹೋಯಿತೋ, ಕೈ ಲೆಕ್ಕ ತಪ್ಪುತ್ತದೆ. ಹೀಗಾಗಿ ಇಪ್ಪತ್ತು ವರ್ಷ ಗೆರೆ ಕಾದ ಸೆಕೆಂಡಪ್ಪ ಒಂದೇ ಒಂದು ದಾಖಲೆಯ ಓಟವನ್ನೂ ಕಣ್ಣಾರೆ ಕಂಡಿರಲಿಲ್ಲ.

ಇದು ಅವರ ಎಂಬತ್ತರ ತಾಯಿಗೆ ನುಂಗಲಾರದ ತುತ್ತು. "ಅಲ್ಲ ಕಣೋ, ಹೆಂಡ್ತಿ ಆಕಾಶದಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಹಾರ್ತಾ ಇದ್ರೆ ನೀನು ತಂತಿ ನೋಡ್ತಾ ಕೂತಿರ್ತೀಯಲ್ಲ, ಮನುಷ್ಯನಾ ನೀನು?" ಎಂದು ಆಕೆ ಆಗಾಗ ಬೆಂಡೆತ್ತುತ್ತಿದ್ದರು.

ಹೌದು, ಹಾರುತ್ತಿದ್ದದ್ದು ಹೆಂಡತಿಯೇ. ಊರಿನವರ ಬಾಯಲ್ಲಿ ಪೈಲಟಮ್ಮ. ಹೊಲಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನ ಹಾರಿಸುವುದು ಅವರ ಕೆಲಸ. ಇಪ್ಪತ್ತಾರು ವರ್ಷದ ಹಿಂದೆ, ಆ ವಿಮಾನದಿಂದ ಕಿತ್ತ ಗಡಿಯಾರವೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಈ ಅಂಗಡಿಗೆ ಬಂದು, "ನಿಂತೋಗಿದೆ, ಬೇಗ ಬೇಕು" ಎಂದಿದ್ದರು. "ಬೇಗ ಅಂದ್ರೆ ಎಷ್ಟು ಹೊತ್ತಿಗೆ?" ಎಂದು ಸೆಕೆಂಡಪ್ಪ ಕೇಳಿದ್ದರು. ಆ ಪ್ರಶ್ನೆಗೇ ತಾನು ಬಿದ್ದೆ ಎಂದು ಪೈಲಟಮ್ಮ ಎಲ್ಲರೆದುರೂ ಹೇಳಿ ಗಂಡನ ಕಿವಿ ಕೆಂಪಾಗಿಸುತ್ತಿದ್ದರು.

ಸಿಂಪಡಿಸುವ ವಿಮಾನ ಹೊಟ್ಟೆಪಾಡು. ಆಸೆ ಬೇರೆ ಇತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ ಆಕೆಯೂ ಬಾಗಿಲು ಕಿಟಕಿ ಮಾಡುವ ಒಬ್ಬ ಬಡಗಿಯೂ ಸೇರಿ ಏಳು ವರ್ಷ ಕೂತು ಒಬ್ಬರೇ ಕೂರುವಂಥ ಪುಟ್ಟ ವಿಮಾನ ಕಟ್ಟಿದರು. ಮರದ ರೆಕ್ಕೆಯನ್ನು ಉಜ್ಜಿ ಉಜ್ಜಿ, ಉಗುರಿಗೆ ಸಿಗುವ ಗೀರೂ ಇಲ್ಲದ ಹಾಗೆ ಮಾಡಿದರು. ಅಷ್ಟು ತೂಕದ ವಿಮಾನಗಳಲ್ಲಿ ಆಗ ಇದ್ದ ದಾಖಲೆ ಗಂಟೆಗೆ 391.5 ಕಿಲೋಮೀಟರ್. ಅದನ್ನು ಮುರಿಯಲು 395.4 ಮುಟ್ಟಬೇಕು. ಪೈಲಟಮ್ಮ ಎರಡು ಸಲ ಪ್ರಯತ್ನ ಪಟ್ಟು ಎರಡು ಸಲವೂ ಕೂದಲೆಳೆಯಲ್ಲಿ ಅದನ್ನು ಕಳೆದುಕೊಂಡಿದ್ದರು. ಎರಡು ಸಲವೂ ಸಮಯ ಹಿಡಿದದ್ದು ಗಂಡನೇ. ಸೋತ ದಿನ ಸೋತ ಅಂಕಿಯನ್ನೇ ಒಂದು ಚೂರೂ ಮೆತ್ತಗೆ ಮಾಡದೆ ಹೇಳಿದ್ದರು.

ಮೂರನೆಯದು ಕೊನೆಯದು. ಆಕೆಗೆ ಐವತ್ಮೂರು ದಾಟಿತ್ತು. ಕಣ್ಣಿನ ಡಾಕ್ಟರು ಎಡಗಣ್ಣಿಗೆ ದೀಪ ಹಿಡಿದು ನೋಡಿ, "ತಿಂಗಳ ಕೊನೆಗೆ ನಿಮ್ಮ ಲೈಸೆನ್ಸ್ ಮುಗಿಯುತ್ತೆ. ಮತ್ತೆ ಸಹಿ ಹಾಕೋದು ನನ್ನಿಂದ ಆಗಲ್ಲಮ್ಮ" ಎಂದು ಹೇಳಿಯಾಗಿತ್ತು. ಇನ್ನು ಇದ್ದದ್ದು ಮೂರು ವಾರ.

ದಾಖಲೆ ಒಪ್ಪುವ ಸಂಘ ಅಷ್ಟರಲ್ಲಿ ಕೊಟ್ಟದ್ದು ಒಂದೇ ಒಂದು ಬೆಳಗ್ಗೆ. ಅಲ್ಲಿಂದ ಬಂದ ವೀಕ್ಷಕರು ಒಳ್ಳೆಯವರು, ಆದರೆ ಕಾಗದದ ಮನುಷ್ಯ. "ಗಂಡನೇ ಹೆಂಡತಿಗೆ ಸಮಯ ಹಿಡಿಯೋದು ಬೇಡ ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಆದ್ರೂ..." ಎಂದು ಎಳೆದರು.

"ಸಾರ್, ಇವರು ಮೊಟ್ಟೆ ಬೇಯಿಸೋಕೂ ಸ್ಟಾಪ್‌ವಾಚ್ ಹಿಡೀತಾರೆ" ಎಂದರು ಪೈಲಟಮ್ಮ. "ಹಸಿವು ಅಂತ ಗೋಳಾಡಿದ್ರೂ ಹತ್ತು ಸೆಕೆಂಡ್ ಮೊದಲು ಒಲೆ ಆರಿಸಲ್ಲ. ಅನುಕೂಲ ಮಾಡಿಕೊಡೋ ಗಂಡ ಬೇಕಿದ್ರೆ ನಾನು ಬೇರೆ ಅಂಗಡಿಗೆ ಹೋಗ್ತಿದ್ದೆ."

ವೀಕ್ಷಕರು ನಕ್ಕು ಒಪ್ಪಿದರು. ಹೊರಡುವ ಮುಂಚೆ ನಿಯಮ ಓದಿ ಹೇಳಿದರು. ಯಾವುದೇ ಸುತ್ತಿನಲ್ಲಿ ಸಮಯ ಹಿಡಿದವರಿಗೇ ತಮ್ಮ ಕೈಯ ಮೇಲೆ ಅನುಮಾನ ಬಂದರೆ ಕೂಡಲೇ ಫೋನೆತ್ತಿ ಟೆಂಟಿಗೆ ಹೇಳಬಹುದು. ಟೆಂಟಿನ ಮುಂದೆ ಕೆಂಪು ಬಟ್ಟೆ ಹಾಸುತ್ತಾರೆ, ಪೈಲಟ್ ಅದನ್ನು ಕಂಡು ಕೆಟ್ಟ ಸುತ್ತಿನ ಬದಲಿಗೆ ಹೋಗಿ ಬರುವ ಇನ್ನೆರಡು ಸುತ್ತು ಹಾರಬಹುದು. ವಿಮಾನ ಇಳಿಯಿತೆಂದರೆ ಮಾತ್ರ ಆ ಬಾಗಿಲು ಮುಚ್ಚಿದ ಹಾಗೆ.

ಬೆಳಗ್ಗೆ ಆರೂವರೆ. ಗಾಳಿ ಇನ್ನೂ ಏಳದ ಹೊತ್ತು. ಆ ತುದಿಯ ಕಂಬಕ್ಕೆ ನಿವೃತ್ತ ಗಣಿತದ ಮೇಷ್ಟರು ಸೈಕಲ್ ತುಳಿದುಕೊಂಡು ಹೋದರು. ಈ ತುದಿಯಲ್ಲಿ ಸೆಕೆಂಡಪ್ಪ ಕುರ್ಚಿ ಬಿಡಿಸಿ, ಫೋನಿನ ಪೆಟ್ಟಿಗೆಯನ್ನು ಎಡಗೈಗೆ ಎಟುಕುವಂತೆ ಇಟ್ಟುಕೊಂಡು, ಗುಂಡಿಯನ್ನು ಹೆಬ್ಬೆರಳ ಕೆಳಗೆ ತಂದುಕೊಂಡರು. ಮೊದಲ ಸುತ್ತು ಅವರ ಕಡೆಯಿಂದಲೇ ಶುರು. ಗೆರೆಯಲ್ಲಿ ವಿಮಾನದ ಕೆಂಪು ಮೂಗು ಮಿಂಚಿತು, ಒತ್ತಿದರು. ಎರಡನೆಯ ಸುತ್ತು ಆ ಕಡೆಯಿಂದ ಬಂದು ಇಲ್ಲಿ ಮುಗಿಯಿತು, ಒತ್ತಿದರು. ಎರಡೂ ಹದಿನೆಂಟು, ಅವರ ಬೆರಳಿಗೇ ಗೊತ್ತಿತ್ತು.

ಮೂರನೆಯದಕ್ಕೆ ವಿಮಾನ ಅವರ ಬೆನ್ನ ಹಿಂದೆ ದೂರದಲ್ಲಿ ತಿರುಗಿ ಮತ್ತೆ ನೇರವಾಯಿತು. ಸದ್ದು ಬೆಳೆಯುತ್ತ ಬಂತು. ಸೆಕೆಂಡಪ್ಪ ಗೆರೆಯ ಮೇಲೆ ಕಣ್ಣು ನೆಟ್ಟು ಕೂತಿದ್ದರು. ಆಗ ಇಂಜಿನ್ ಒಂದು ಏಟು ತಪ್ಪಿತು.

ಬೇರೆ ಯಾರಿಗೂ ಅದು ಕೇಳಿಸುವಂಥದ್ದಲ್ಲ. ಟೆಂಟಿನಲ್ಲಿದ್ದ ಬಡಗಿಗೂ ಕೇಳಿಸಲಿಲ್ಲ. ಆದರೆ ಸೆಕೆಂಡಪ್ಪನದು ಮೂವತ್ತೈದು ಗಡಿಯಾರಗಳ ನಡುವೆ ಕೂತು, ಯಾವುದು ನಿಂತಿತು ಎಂದು ತಲೆ ಎತ್ತದೆ ಹೇಳುವ ಕಿವಿ. ಟಕ್ ಎನ್ನಬೇಕಾದ ಕಡೆ ಟಕ್ ಎನ್ನಲಿಲ್ಲ. ಇಪ್ಪತ್ತು ವರ್ಷ ಜಪ್ಪಯ್ಯ ಎಂದರೂ ತಿರುಗದ ಕತ್ತು ತಿರುಗಿಬಿಟ್ಟಿತು.

ಅವರು ನೋಡಿದರು. ನೋಡುತ್ತಲೇ ಇದ್ದರು. ವಿಮಾನ ಕಣ್ಣ ಮುಂದೆ ಹಾದು ಹೋದ ಮೇಲೆ ಹೆಬ್ಬೆರಳು ಗಾಬರಿಯಿಂದ ಗುಂಡಿ ಒತ್ತಿತು. ಒತ್ತಿದ ಕ್ಷಣವೇ ಗೊತ್ತಾಯಿತು, ಇದು ಹದಿನೆಂಟಲ್ಲ. ಐವತ್ತೋ ಏನೋ. ಓಟ ಶುರುವಾಗುವ ತುದಿಯಲ್ಲಿ ತಡವಾಗಿ ಒತ್ತಿದರೆ ಓಟ ಬೇಗ ಮುಗಿದ ಹಾಗೆ ಲೆಕ್ಕ ಬೀಳುತ್ತದೆ. ಹಾರದ ವೇಗವನ್ನು ಹೆಂಡತಿಗೆ ಹಾರಿದ ಹಾಗೆ ಕೊಟ್ಟಂತಾಯಿತು.

ಕೈ ಫೋನಿನ ಮೇಲೆ ಹೋಯಿತು. ಎತ್ತಿ ಎರಡು ಮಾತು ಹೇಳಿದ್ದರೆ ಸಾಕಿತ್ತು. ದೂರದಲ್ಲಿ ಆ ಇಂಜಿನ್ ಕೂಗುತ್ತಿತ್ತು, ಸರಿಯಾಗಿಯೇ ಕೂಗುತ್ತಿತ್ತು, ಆದರೂ ಅವರ ಕಿವಿಯಲ್ಲಿ ತಪ್ಪಿದ ಆ ಒಂದು ಏಟೇ ಕೂತಿತ್ತು. ಇನ್ನೆರಡು ಸುತ್ತು ಎಂದರೆ ಮತ್ತೆ ಎರಡು ಸಲ ನೆಲದಿಂದ ಮೂವತ್ತು ಮೀಟರ್ ಎತ್ತರದಲ್ಲಿ ಅದೇ ಇಂಜಿನ್ ನಂಬಿ ಅವಳು ಹಾಯಬೇಕು. ಸೆಕೆಂಡಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ನಾಲ್ಕನೆಯ ಸುತ್ತಿಗೆ ಮತ್ತೆ ಗೆರೆ ನೋಡಿ ಹದಿನೆಂಟಕ್ಕೆ ಸರಿಯಾಗಿ ಒತ್ತಿದರು. ವಿಮಾನ ಇಳಿಯಿತು. ಚಕ್ರ ನೆಲ ಮುಟ್ಟಿದ್ದನ್ನು ಕಂಡ ಮೇಲೆಯೇ ಅವರು ಸರಿಯಾಗಿ ಉಸಿರಾಡಿದ್ದು.

ಕಂಬದಿಂದ ಟೆಂಟಿಗೆ ನಡೆದು ಬರುವಷ್ಟರಲ್ಲಿ ಅಲ್ಲಿ ಗದ್ದಲವೋ ಗದ್ದಲ. 396.4! ಬಡಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಮೇಷ್ಟರು ಸೈಕಲ್ಲನ್ನು ಎಲ್ಲೋ ಎಸೆದು ಬಂದು ಕುಣಿಯುತ್ತಿದ್ದರು. ಕೆನ್ನೆಯ ಮೇಲೆ ಕನ್ನಡಕದ ಅಚ್ಚು ಬಿದ್ದಿದ್ದ ಪೈಲಟಮ್ಮ ಗಂಡನನ್ನು ಕಂಡವರೇ ಎರಡೂ ಕೈ ಹಿಡಿದು, "ರೀ, ಆಯ್ತು ಕಣ್ರೀ! ಆಗೇಹೋಯ್ತು!" ಎಂದು ಅಲ್ಲಾಡಿಸಿಬಿಟ್ಟರು. ಅಷ್ಟು ಸಂತೋಷ ಆ ಮುಖದಲ್ಲಿ ಅವರು ಎಂದೂ ಕಂಡಿರಲಿಲ್ಲ, ಮದುವೆಯ ದಿನವೂ ಇಲ್ಲ.

ವೀಕ್ಷಕರು ಒಂದು ಹಾಳೆ ಮುಂದಿಟ್ಟು ಪೆನ್ನು ಕೊಟ್ಟರು. ನಾಲ್ಕು ಸುತ್ತಿನಲ್ಲೂ ತನ್ನ ಕಣ್ಣು ಗೆರೆಯ ಮೇಲೇ ಇತ್ತು ಎಂದು ಸಮಯ ಹಿಡಿದವರು ಸಹಿ ಹಾಕುವ ಹಾಳೆ. ನೂರು ಸಲ ಹಾಕಿದ ಸಹಿ ಅದು. ಸೆಕೆಂಡಪ್ಪ ಪೆನ್ನು ಹಿಡಿದು ನಿಂತೇ ಇದ್ದರು. ಹಾಕಿಬಿಡು ಎಂದು ಮನಸ್ಸು ಹೇಳಿತು. ಯಾರಿಗೆ ಗೊತ್ತಾಗುತ್ತದೆ? ಕಾಗದದ ಪಟ್ಟಿ ಬಾಯಿ ಬಿಡುವುದಿಲ್ಲ. ಅವಳಿಗೆ ಇನ್ನೊಂದು ಬೆಳಗ್ಗೆ ಇಲ್ಲ. ಆದರೆ ಆಮೇಲೆ ದಿನಾ ಬೆಳಗಾದರೆ ಆ ಮುಖ ನೋಡಬೇಕಲ್ಲ, ತಾನು ಕೊಟ್ಟ ಸುಳ್ಳು ಅಂಕಿಯನ್ನು ಅವಳು ಹೆಮ್ಮೆಯಿಂದ ಹೇಳುವುದನ್ನು ಕೇಳಬೇಕಲ್ಲ.

"ಮೂರನೇದರಲ್ಲಿ ಇರಲಿಲ್ಲ ಸಾರ್" ಎಂದರು. "ನಾನು ವಿಮಾನ ನೋಡಿದೆ."

"ನೋಡಿದ್ರೆ ಏನೀಗ, ನಾವೆಲ್ಲ ನೋಡಿದ್ವಲ್ಲ!" ಎಂದ ಬಡಗಿ. ವೀಕ್ಷಕರು ಕನ್ನಡಕ ಹಾಕಿಕೊಂಡು ಪಟ್ಟಿ ಬಿಚ್ಚಿದರು. ಮೊದಲನೆಯ ಸುತ್ತು 26.98 ಸೆಕೆಂಡ್, ಅದೇ ದಿಕ್ಕಿನ ಮೂರನೆಯದು 26.65. ಮೂರನೆಯದೂ ಮೊದಲನೆಯದರ ಹಾಗೇ ಇದ್ದಿದ್ದರೆ ಎಂದು ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿದರು. 395.1. ಬೇಕಾದದ್ದು 395.4. ಅವರು ಹಾಳೆಯನ್ನು ಮೆಲ್ಲಗೆ ಮಡಚಿ ಫೈಲಿನೊಳಗೆ ಇಟ್ಟರು.

ಪೈಲಟಮ್ಮ ಆಗ ಕೇಳಿದ್ದು ಅಂಕಿಯ ವಿಷಯ ಅಲ್ಲ. "ಯಾವಾಗ ಗೊತ್ತಾಯ್ತು ನಿಮಗೆ?"

"ಒತ್ತಿದ ತಕ್ಷಣ."

"ಫೋನ್ ಪಕ್ಕದಲ್ಲೇ ಇತ್ತಲ್ಲ?"

"ಇತ್ತು. ಇಂಜಿನ್ ಒಂದು ಏಟು ತಪ್ಪಿತು ಕಣೇ. ನೀನು ಇಳಿದ್ರೆ ಸಾಕು ಅನ್ನಿಸ್ತು."

"ತಿರುವಿನಲ್ಲಿ ಒಂದು ಪೆಟ್ರೋಲ್ ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸಿದ್ದೆ. ಪೈಪಲ್ಲಿ ಒಂದು ಗುಳ್ಳೆ ಗಾಳಿ. ಒಂದು ಸಲ ಕೆಮ್ಮಿತು, ಅಷ್ಟೇ." ಆಕೆಯ ದನಿ ಏರಲಿಲ್ಲ, ಏರಿದ್ದರೆ ವಾಸಿಯಿತ್ತು. "ಮೂವತ್ತು ವರ್ಷ ಹಾರಿದ್ದೀನಿ. ಕೆಮ್ಮು ಯಾವುದು ಕಾಯಿಲೆ ಯಾವುದು ಅಂತ ನನಗೆ ಗೊತ್ತಾಗಲ್ವಾ? ಕೆಂಪು ಬಟ್ಟೆ ಹಾಸಿದ್ರೆ ಹಾರೋದೋ ಬಿಡೋದೋ ನಾನು ನೋಡ್ಕೊಳ್ತಿದ್ದೆ. ನನ್ನ ಪರವಾಗಿ ನೀವೇ ತೀರ್ಮಾನ ಮಾಡಿಬಿಟ್ರಿ."

ಇದಕ್ಕೆ ಪ್ರೀತಿ ಎಂದು ಹೆಸರಿಟ್ಟು ಸೆಕೆಂಡಪ್ಪನನ್ನು ಬಚಾವು ಮಾಡುವವರು ಇರಬಹುದು. ಪ್ರೀತಿ ಹೌದು. ಆದರೆ ಆಕೆಯ ಕೈಯಲ್ಲಿದ್ದ ಕೊನೆಯ ಬೆಳಗ್ಗೆಯನ್ನು ಕೇಳದೆ ಕಿತ್ತುಕೊಂಡದ್ದೂ ಹೌದು. ಅದು ಸೆಕೆಂಡಪ್ಪನಿಗೂ ಗೊತ್ತಿತ್ತು. ಬಡಗಿ ಇಂಜಿನ್ ಬಿಚ್ಚಿ ತೊಳೆದು ನೋಡಿದ. ಎಳ್ಳಷ್ಟೂ ದೋಷ ಇರಲಿಲ್ಲ.

ಮನೆಯಲ್ಲಿ ಗಂಡ ಹೆಂಡಿರ ನಡುವೆ ಮಾತು ನಿಂತಿತು. ಜಗಳವಲ್ಲ, ಮುಖ ಊದಿಸಿಕೊಂಡದ್ದೂ ಅಲ್ಲ. ಬಡಿಸುವಾಗ ಬಡಿಸಿದರು, ಬಟ್ಟೆ ಒಣಗಿದಾಗ ಮಡಚಿಟ್ಟರು, ಮಾತು ಮಾತ್ರ ಇಲ್ಲ. ಬೇಕಾದ್ದೆಲ್ಲ ಅತ್ತೆಯ ಮೂಲಕ ಸಾಗುತ್ತಿತ್ತು. "ಅತ್ತೆ, ಬಿಸಿನೀರು ಕಾದಿದೆ ಅಂತ ಹೇಳಿ." "ಅಮ್ಮಾ, ಸ್ನಾನ ಆಯ್ತು ಅಂತ ಹೇಳು." ಹತ್ತನೆಯ ದಿನ ಮುದುಕಿಗೆ ರೇಗಿತು. "ನನ್ನನ್ನೇನು ಅಂಚೆಯವಳು ಅಂದ್ಕೊಂಡಿದ್ದೀರಾ ಇಬ್ಬರೂ? ಕಾಲು ನೋವು ನನಗೆ! ಬೇಕಾದ್ರೆ ಮಾತಾಡ್ಕೊಳ್ಳಿ, ಇಲ್ಲಾಂದ್ರೆ ತಣ್ಣೀರಲ್ಲಿ ಸ್ನಾನ ಮಾಡಿ." ಆವತ್ತಿನಿಂದ ಆ ಅಂಚೆಯೂ ನಿಂತಿತು.

ತಿಂಗಳ ಕೊನೆಯ ದಿನ ಮಧ್ಯಾಹ್ನ ಪೈಲಟಮ್ಮ ಅಂಗಡಿಗೆ ಬಂದರು. ಲೈಸೆನ್ಸ್ ಒಪ್ಪಿಸಿ ನೇರವಾಗಿ ಬಂದಿದ್ದರು ಎಂದು ಕೈಯಲ್ಲಿದ್ದ ಖಾಲಿ ರಟ್ಟಿನ ಕವಚ ನೋಡಿದರೇ ತಿಳಿಯುತ್ತಿತ್ತು. ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಸೆಕೆಂಡಪ್ಪ ಕಣ್ಣಿಗೆ ಸಿಕ್ಕಿಸಿದ್ದ ಭೂತಗಾಜು ತೆಗೆದಿಟ್ಟರು. ಏನೇನೋ ಹೇಳಬೇಕೆಂದು ಮೂರು ವಾರದಿಂದ ಜೋಡಿಸಿಟ್ಟಿದ್ದ ಮಾತೆಲ್ಲ ಮರೆತುಹೋಗಿತ್ತು.

"ನಿನ್ನನ್ನ ಕೇಳಬೇಕಿತ್ತು" ಎಂದರು. "ಭಯ ನನ್ನದು. ಅದನ್ನ ನಿನ್ನ ತಲೆಗೆ ಕಟ್ಟಿದೆ. ತಪ್ಪಾಯ್ತು."

"ಹೂಂ. ತಪ್ಪೇ." ಆಕೆ ರಟ್ಟಿನ ಕವಚವನ್ನು ತೊಡೆಯ ಮೇಲೆ ನೇರ ಮಾಡಿಕೊಂಡರು. "ಇನ್ನೂ ಸಿಟ್ಟಿದೆ ನನಗೆ. ಎಷ್ಟು ದಿನ ಇರುತ್ತೋ ಗೊತ್ತಿಲ್ಲ. ಸಹಿ ಹಾಕದೆ ಇದ್ರಲ್ಲ, ಅದಕ್ಕೆ ಸಿಟ್ಟಿಲ್ಲ. ಹಾಕಿದ್ರೆ ನಾನು ನಿಮ್ಮನ್ನ ಮನೆಗೆ ಸೇರಿಸ್ತಿರಲಿಲ್ಲ."

ಹೊರಗೆ ಒಂದು ಬಸ್ಸು ಹೊರಟಿತು. ಕೊನೆಗೆ ಪೈಲಟಮ್ಮ, ಗಂಡನ ಮುಖ ನೋಡದೆ, ಗಾಜಿನ ಮೇಜಿನ ಮೇಲಿದ್ದ ಒಂದು ಸ್ಕ್ರೂ ಮುಟ್ಟುತ್ತ ಕೇಳಿದರು: "ಹೇಗಿತ್ತು?"

"ಏನು?"

"ನೋಡಿದ್ರಲ್ಲ, ಮೂರನೇ ಸುತ್ತು. ಹೇಗಿತ್ತು ಹೇಳಿ. ಮೇಷ್ಟರನ್ನ, ಬಡಗೀನ ಎಲ್ಲ ಕೇಳಿದೆ. ಚೆನ್ನಾಗಿತ್ತು ಅಂತಾರೆ, ಅಷ್ಟೇ. ಒಳಗೆ ಕೂತವರಿಗೆ ಏನು ಕಾಣುತ್ತೆ, ಮುಳ್ಳು ಕಾಣುತ್ತೆ, ಹುಲ್ಲು ಕಾಣುತ್ತೆ. ನಾನು ಹಾರಿದ್ದನ್ನ ನಾನೂ ನೋಡಿಲ್ಲ ಕಣ್ರೀ."

ಸೆಕೆಂಡಪ್ಪನಿಗೆ ವರ್ಣನೆ ಮಾಡಿ ಅಭ್ಯಾಸವಿಲ್ಲ. ತಡವರಿಸುತ್ತ ಶುರು ಮಾಡಿದರು. ಮೊದಲು ಮರಗಳ ಮೇಲೆ ಒಂದು ಚುಕ್ಕೆ ಇತ್ತು, ಅದು ಅಲುಗುತ್ತಲೇ ಇರಲಿಲ್ಲ ಎಂದರು. ಆಮೇಲೆ ಅದಕ್ಕೆ ರೆಕ್ಕೆ ಬಂತು, ತೀರಾ ತೆಳು ರೆಕ್ಕೆ, ಒಂದು ಎಳೆ ದಾರದಷ್ಟು. ಬಿಸಿಲು ಆಗ ತಾನೇ ಏರಿ ಎಡಗಡೆ ರೆಕ್ಕೆಯ ತುದಿಗೆ ಬಿದ್ದಿತ್ತು. ಹುಲ್ಲೆಲ್ಲ ನೀನು ಬರುವ ಮುಂಚೆ ನೆಟ್ಟಗಿತ್ತು, ನೀನು ಹೋದ ಮೇಲೆ ಮಲಗಿತು. ಒಳಗೆ ನಿನ್ನ ತಲೆ ಕಂಡಿತು. ಸ್ವಲ್ಪ ಮುಂದಕ್ಕೆ ಬಗ್ಗಿಸಿದ್ದೆ, ಮನೆಯಲ್ಲಿ ಸೂಜಿಗೆ ದಾರ ಪೋಣಿಸುವಾಗ ಬಗ್ಗಿಸುತ್ತೀಯಲ್ಲ, ಹಾಗೇ. ಆಗ, ಅದು ವಿಮಾನ ಅಲ್ಲ, ನೀನು ಅಂತ ಗೊತ್ತಾಯಿತು. ಇಂಜಿನ್ ಕೆಮ್ಮಿದ್ದು ಮರೆತೇಹೋಯಿತು. ಭಯ ಆಮೇಲೆ ಬಂತು, ಫೋನ್ ನೋಡಿದಾಗ. ನೋಡುವಾಗ ಭಯ ಇರಲಿಲ್ಲ.

ಪೈಲಟಮ್ಮನ ಕಣ್ಣು ತುಂಬಿತ್ತು. ಸೆರಗಿಗೂ ಕರವಸ್ತ್ರಕ್ಕೂ ಕೈ ಹಾಕದೆ ಅಂಗೈಯಿಂದಲೇ ಒರೆಸಿಕೊಂಡರು.

"ಎಷ್ಟು ಹೊತ್ತು ನೋಡಿದ್ರಿ?"

ಸೆಕೆಂಡಪ್ಪ ಬಾಯಿ ತೆರೆದರು. ಅಂಕಿ ಬರಲಿಲ್ಲ. ಯೋಚಿಸಿದರು, ಮತ್ತೆ ಯೋಚಿಸಿದರು, ಹೆಂಡತಿಯ ಮುಖವನ್ನೇ ನೋಡಿದರು.

"ಗೊತ್ತಾಗಲಿಲ್ಲ ಕಣೇ" ಎಂದರು.

ಪೈಲಟಮ್ಮ ಸ್ಟೂಲನ್ನು ಎಳೆದುಕೊಂಡು ಹತ್ತಿರಕ್ಕೆ ಬಂದು, "ಇನ್ನೊಂದು ಸಲ ಹೇಳಿ, ಮೊದಲಿಂದ" ಎಂದರು. ವಾಚು ಕೈಯಲ್ಲಿ ಹಿಡಿದು ಬಂದ ಗಿರಾಕಿಯೊಬ್ಬ ಬಾಗಿಲಲ್ಲಿ ಕಾಯುತ್ತ ನಿಂತಿದ್ದ. ಸೆಕೆಂಡಪ್ಪ ಅವನಿಗೆ ಇರಪ್ಪ ಎಂದು ಕೈ ಮಾಡಿ, ಮರಗಳ ಮೇಲಿನ ಚುಕ್ಕೆಯಿಂದ ಮತ್ತೆ ಶುರು ಮಾಡಿದರು.